ಓ ಅನ್ನೋತನಕ

ರಾತ್ರಿ ಒಂದೂವರೆ. ಕಲಬುರಗಿಯ ಗೋಡೆಗಳು
ಹಗಲು ನುಂಗಿದ ಬಿಸಿಲನ್ನು ಈಗ ಉಗುಳುತ್ತಿವೆ.
ದವಾಖಾನೆಯ ನೆಲಮಾಳಿಗೆ, ಒಂದು ಕುರ್ಚಿ, ನಾನು,
ಡಬ್ಬಿಯಲ್ಲಿ ಅರ್ಧ ರೊಟ್ಟಿ,
ಪರದೆಯ ಮೇಲೆ ನಲವತ್ತೊಂದು ಹಸಿರು ಚುಕ್ಕಿ.

ಒಂದೊಂದು ಚುಕ್ಕಿ ಒಂದೊಂದು ಹಳೆ ಕಂಪ್ಯೂಟರು:
ಸೇಡಂ ಪಾಲಿಟೆಕ್ನಿಕ್ಕಿನವು ಹದಿನಾರು,
ಆಳಂದದ ಕಾಲೇಜಿನವು, ಜೇವರ್ಗಿ ಗ್ರಂಥಾಲಯದವೆರಡು,
ಚಿತ್ತಾಪುರದ ಕಚೇರಿಯಲ್ಲಿ ಹಗಲೆಲ್ಲ
ಪಹಣಿ ತೆಗೆದು ತೆಗೆದು ಸುಸ್ತಾದದ್ದೊಂದು.
ಊರು ಮಲಗಿದ ಮೇಲೆ ಅವು
ಜಗದೇವಿಯ ಗಂಟಲ ಗಂಟಿಗೆ
ಎಷ್ಟು ಕಿರಣ, ಯಾವ ಕಡೆಯಿಂದ, ಎಂದು
ಹಂಚಿಕೊಂಡು ಎಣಿಸುತ್ತವೆ.
ಮುಂಜಾನೆ ಎಂಟಕ್ಕೆ ಆಕೆ ಯಂತ್ರದ ಕೆಳಗೆ ಮಲಗಬೇಕು.

ಹೈದರಾಬಾದಿನಿಂದ ಬಂದ ಇಂಜಿನಿಯರು
ಹಲಗೆಯ ಮೇಲೆ ಬರೆದು ಹೋಗಿದ್ದ:
ಭರವಸೆ, ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು.
ಚಪ್ಪಾಳೆ ಆಯಿತು. ಚಹಾ ಆಯಿತು.
ನಾನು ಹಾಜರಿ ಪುಸ್ತಕದ ಬೆನ್ನಿಗೆ ಲೆಕ್ಕ ಹಾಕಿದೆ:
ಉಳಿದದ್ದು ವರ್ಷಕ್ಕೆ ಎಂಟು ತಾಸು ನಲವತ್ತೈದು ನಿಮಿಷ.
ಸಾಹೇಬ್ರ, ಆ ಎಂಟು ತಾಸು ಯಾರವು?

ನಮ್ಮಪ್ಪ ಶಹಾಬಾದಿನ ಕಲ್ಲುಗಣಿಯವ.
ಮದ್ದಿಗೆ ಬೆಂಕಿ ಇಡುವ ಮೊದಲು ಮುಕಾದಮ
ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದ.
ಭೀಮಶಾ! ಓ.
ಮಶಾಕ! ಓ.
ಓ ಬರದಿದ್ದರೆ ಕಡ್ಡಿ ಗೀರುತ್ತಿರಲಿಲ್ಲ.
ಓ ಅನ್ನದವನಿಂದ ಆ ಗಣಿಯಲ್ಲಿ ಯಾರಿಗೂ ಕೇಡಾಗಲಿಲ್ಲ.
ಕೇಡಾದದ್ದು ಒಮ್ಮೆ,
ಬಂಡೆಯ ಹಿಂದೆ ಬೀಡಿಗೆ ಹೋಗಿದ್ದ ಮಶಾಕನ ಪರವಾಗಿ
ಅಪ್ಪನೇ, ಗೆಳೆತನಕ್ಕೆ, ಓ ಅಂದಾಗ.
ಮಶಾಕ ಕಾಕಾನ ಎಡಗೈಯಲ್ಲಿ ಎರಡೇ ಬೆರಳು.
ಆ ಕೈಯಿಂದಲೇ ಈದಿನ ದಿನ ನನಗೆ ಸುರಕುಂಬಾ ಕೊಡುತ್ತಿದ್ದ.
ಅಪ್ಪ ಬೇರೆ ಕಡೆ ನೋಡುತ್ತಿದ್ದ.

ಹತ್ತು ಸೆಕೆಂಡಿಗೊಮ್ಮೆ ನನ್ನ ಚುಕ್ಕಿಗಳಿಗೂ ಕೂಗು ಹೋಗುತ್ತದೆ.
ಎರಡಕ್ಕೆ ಸೇಡಮ್ಮಿನಲ್ಲಿ ಕರೆಂಟು ಹೋಯಿತು,
ಹದಿನಾರೂ ಒಮ್ಮೆಲೇ ಕೆಂಪು.
ಹೆದರಲಿಲ್ಲ. ಅವುಗಳ ಪಾಲನ್ನು ಉಳಿದವು,
ಸಾವಾದ ಮನೆಯ ಒಲೆಯನ್ನು ಓಣಿಯವರು ಹಚ್ಚಿದಂತೆ,
ಮಾತಿಲ್ಲದೆ ಎತ್ತಿಕೊಂಡವು.

ಹೆದರಿದ್ದು ಮೂರೂ ಹತ್ತಕ್ಕೆ.
ಇದ್ದವೆಲ್ಲ ಹಸಿರು. ಎಲ್ಲದರದೂ ಓ.
ಒಂದೇ ತುಣುಕನ್ನು ಮೂವರ ಕೈಗೆ ಕೊಟ್ಟಿದ್ದೆವು.
ಆಳಂದ ಅಂದಿತು: ಎರಡು.
ಜೇವರ್ಗಿ: ಎರಡು.
ಚಿತ್ತಾಪುರ, ಅಷ್ಟೇ ಧೈರ್ಯದಲ್ಲಿ: ಇಪ್ಪತ್ತು.

ಇಬ್ಬರ ಮಾತೇ ನಿಜ ಅನ್ನುವುದು ನಿಯಮ.
ಆದರೂ ಖಮರುನ್ನಿಸಾ ಮೇಡಮ್ಮನ್ನು ಎಬ್ಬಿಸಿದೆ.
ಬೈದರು. ಬಂದರು.
ಪೆನ್ಸಿಲ್ಲಿನಲ್ಲಿ, ತುಟಿ ಅಲ್ಲಾಡಿಸುತ್ತ, ಒಂದೊಂದೇ ಸಾಲು.
ಎರಡು.
ಚಿತ್ತಾಪುರವನ್ನು ಪಟ್ಟಿಯಿಂದ ಕಿತ್ತೆ.
ಪಾಪ, ತಾನು ತಪ್ಪಿದ್ದು ಅದಕ್ಕೆ ಗೊತ್ತೇ ಇಲ್ಲ,
ಇನ್ನೂ ಓ ಅನ್ನುತ್ತಲೇ ಇತ್ತು.

ಎಂಟಕ್ಕೆ ಪಡಸಾಲೆಯಲ್ಲಿ ನರ್ಸು ಕೂಗಿದಳು:
ಜಗದೇವಿ!
ಓ ಅನ್ನಲು ಆಕೆಯ ಗಂಟಲಲ್ಲಿ ದನಿಯಿಲ್ಲ.
ಗೋಡೆಗಾತು ನಿಂತು ಕೈ ಎತ್ತಿದಳು.
ಮನೆಗೆ ಹೊರಟವ ನಿಂತು
ಐದೂ ಬೆರಳು ಎಣಿಸಿದೆ.