ನಲವತ್ತೆರಡರಿಂದ ಐವತ್ತು

ನಲವತ್ತೆರಡಕ್ಕೆ ಶುರು. ಐವತ್ತು ದಾಟಿದರೆ ಇಲ್ಲ.
ನಡುವಿನ ಎಂಟರಲ್ಲೇ ನನ್ನ ದಿನದ ದುಡಿಮೆ:
ಕಿನ್ನಿಮುಲ್ಕಿಯಿಂದ ಮಲ್ಪೆಯ ತನಕ,
ಹೆಗಲಲ್ಲಿ ಪಿಗ್ಮಿಯ ಚೀಲ,
ಮೂಗಿನೆದುರು ವಿಂಡ್‌ಶೀಲ್ಡು, ಕಿರ್ರ್ ಕಿರ್ರ್ ಕಿರ್ರ್.

ಸ್ಕ್ರೂ ಬಿಗಿದೆ. ಇನ್ನೂ ಬಿಗಿದೆ.
ಪ್ಲಾಸ್ಟಿಕ್ಕಿನ ಒಂದು ಕಿವಿ ಮುರಿದು ಕೈಗೆ ಬಂತು.
ಸೈಕಲ್ ಟ್ಯೂಬಿನ ತುಂಡು
ಉಪ್ಪುಗಾಳಿಗೆ ಬಿರಿದು ಉದುರಿತು.

ಆದಿಉಡುಪಿಯ ಇದಿನಬ್ಬರಿಗೆ ಕಿವಿ ಮಂದ.
"ರೈಸ್ ಮಾಡಿ" ಅಂದವರು
ಸಂದಿಯುದ್ದಕ್ಕೂ ಕಿರುಬೆರಳು ನಡೆಸಿದರು,
ಮೀನಿನಲ್ಲಿ ಮುಳ್ಳು ಹುಡುಕುವ ಹಾಗೆ.
"ಇಲ್ಲಿ. ಬಿಗಿದರೆ ಹೋಗುವುದಲ್ಲ ಮಾರಾಯ್ರೆ,
ಎರಡೂ ಗಟ್ಟಿ. ಮಧ್ಯೆ ಮೆತ್ತಗೆ ಎಂತದಾದರೂ ಬೇಕು."

ಅವರ ಡಬ್ಬಿಯಲ್ಲಿ ವಾಷರು, ತಂತಿ,
ಹವಾಯಿ ಚಪ್ಪಲಿಯ ಬಾರು. ಅದು ದಪ್ಪವಾಯಿತು.
ಬಲೆ ಫ್ಯಾಕ್ಟರಿಯ ಪಾಳಿಗೆ ಹೊರಟಿದ್ದ ಜಲಜಾಕ್ಷಿ
ಗಡಿಯಾರ ನೋಡಿದಳು,
ಹಣೆಯ ಮಖಮಲ್ಲಿನ ಬೊಟ್ಟು ಕಿತ್ತು ಚಾಚಿದಳು.
"ಇದು ಆಗ್ತದಾ?"
ಒಂದು ಸಾಲಲಿಲ್ಲ. ಬ್ಯಾಗಿನಿಂದ ಕಾರ್ಡೇ ಹೊರಬಂತು.
ಒಟ್ಟು ಏಳು, ಕಡುಗೆಂಪು.
ಇದಿನಬ್ಬರು ದುಡ್ಡು ಮುಟ್ಟಲಿಲ್ಲ.
ಸ್ಕ್ರೂವನ್ನು ಅರ್ಧ ಸುತ್ತು ಸಡಿಲವೇ ಬಿಟ್ಟರು.

ನಲವತ್ತೆರಡು.
ನಲವತ್ತೈದು.
ಕಲ್ಮಾಡಿ ಸೇತುವೆಯ ಮೇಲೆ ಬರೀ ಗಾಳಿ,
ಚೀಲದೊಳಗೆ ಯಾರದೋ ಚಿಲ್ಲರೆ,
ಮತ್ತೆ ಬೆನ್ನಿಗೆ ತಾಗುವಷ್ಟು ಹತ್ತಿರ
ಒಂದು ದನಿ.

"ಏನಂದೆ?"

"ಮೂರು ತಿಂಗಳಿಂದ ಹೇಳ್ತಾ ಇದ್ದೇನೆ,
ಬೈಕ್ ಹತ್ತಿದ ಕೂಡಲೇ
ನೀವು ಹಲ್ಲು ಕಡೀತೀರಿ."