ಏಳು

ಸ್ಮರಣ ಸಂಚಿಕೆಗೆ ನಾಲ್ಕು ಸಾಲು ಬರೆದುಕೊಡಿ ಅಂದಿರಿ,
ಚೌರಪ್ಪನವರ ಸಾಧನೆಯ ಬಗ್ಗೆ.
ನಿಮ್ಮ ಕಾಲೇಜಿನವನಲ್ಲ ನಾನು. ಮಲ್ಲೇಶ್ವರದವನು,
ಎದುರಾಳಿ. ಏಳನೇ ನಂಬರಿನ ಜೆರ್ಸಿ ಹಾಕಿಕೊಂಡು
ಬಲಗಡೆಯ ಗೆರೆಗೆ ಅಂಟಿ ಓಡುತ್ತಿದ್ದವನು.
ಅವನು ನಿಮ್ಮ ಮೂರು, ಲೆಫ್ಟ್ ಬ್ಯಾಕು.
ಮೂರು ವರ್ಷ ಆ ಗೆರೆಯ ಪಕ್ಕದ ಹತ್ತು ಗಜ ಮಣ್ಣಿನಲ್ಲಿ
ನಾವಿಬ್ಬರೇ ಸಂಸಾರ ಮಾಡಿದೆವು.

ನೀವು ಕಳಿಸಿದ ಹಾಳೆಯಲ್ಲಿ ಕಾಲಮುಗಳಿವೆ.
ಆಡಿದ ಪಂದ್ಯ: ನಲವತ್ತೊಂದು.
ಗೋಲು: ಒಂದು ಅಡ್ಡಗೀಟು,
ಯಾರೋ ತಲೆಯೆತ್ತದೆ ಎಳೆದದ್ದು.
ಆ ಗೀಟಿನ ಕೆಳಗೆ ಏನೇನು ಮಲಗಿದೆ ನನಗೆ ಗೊತ್ತು:
ನಾನು ಹೊಡೆಯದ ಗೋಲುಗಳು.
ಆಗದೇ ಹೋದದ್ದಕ್ಕೆ ಲೆಕ್ಕ ಇಡುವವರು ಯಾರು?
ಬೀಳದ ಗೋಡೆಗೆ ಯಾರು ಹಾರ ಹಾಕುತ್ತಾರೆ?

ಗೌತಮಪುರದ ಹುಡುಗ. ಅಪ್ಪ ಬೇಕರಿಯಲ್ಲಿ ಬನ್ನು ಸುಡುತ್ತಿದ್ದ,
ಬೆಳಗಿನ ಪಂದ್ಯಕ್ಕೆ ಬಂದರೆ ಮೈಯೆಲ್ಲ ಈಸ್ಟಿನ ವಾಸನೆ.
ಬೂಟು ಅಣ್ಣನದು, ಮುಂದೆ ಹತ್ತಿ ತುರುಕಿದ್ದು.
ಒಂದು ಸಲ ಬೇಹುಗಾರಿಕೆಗೆ ಹೋಗಿದ್ದೆ ಅವನ ಗಲ್ಲಿಗೆ.
ತಲೆಯ ಮೇಲೆ ಬನ್ನಿನ ಟ್ರೇ ಹೊತ್ತು ಹಿಂದಕ್ಕೆ ಓಡುತ್ತಿದ್ದ,
ತಂಗಿ ಎದುರಿಗೆ ಓಡುತ್ತ ಎಡ, ಬಲ, ಎಡ ಅಂತ ಕಿರುಚುತ್ತ.
ಒಂದು ಬನ್ನೂ ಬೀಳಲಿಲ್ಲ. ಊಟ ಸೇರಲಿಲ್ಲ ನನಗೆ ಆ ರಾತ್ರಿ.

ಹಾಗೇ ಮೈದಾನದಲ್ಲೂ. ನಾನು ಮುಂದಕ್ಕೆ ಓಡುವಷ್ಟೇ ಜೋರಾಗಿ
ಅವನು ಹಿಂದಕ್ಕೆ, ಮುಖ ನನ್ನ ಕಡೆಗೇ,
ನೆಂಟನನ್ನು ಬಾಗಿಲಿನಿಂದ ಒಳಕ್ಕೆ ಕರೆಯುವವನ ಹಾಗೆ.
ಬನ್ನಿ ಬನ್ನಿ ಅಂತ ಕರೆದೂ ಕರೆದೂ
ಕೊನೆಗೆ ಕಾರ್ನರ್ ಬಾವುಟದ ಬುಡದಲ್ಲಿ ಕೂರಿಸಿ
ಚೆಂಡು ಇಸಕೊಂಡು ಕಳಿಸುತ್ತಿದ್ದ.

ಚೆಂಡು ನೋಡುತ್ತಿರಲಿಲ್ಲ. ಕಾಲನ್ನೂ ಅಲ್ಲ.
"ಕಣ್ಣು ಸುಳ್ಳು ಹೇಳುತ್ತೆ, ಕಾಲು ಅದಕ್ಕಿಂತ ಸುಳ್ಳ.
ಸೊಂಟಕ್ಕೆ ಸುಳ್ಳು ಬರಲ್ಲ ಗುರು,"
ಅಂದದ್ದು ಬಹಳ ವರ್ಷದ ಮೇಲೆ.
ಆಗ ನಮ್ಮ ನಡುವೆ ಇದ್ದದ್ದು ಒಂದೇ ಪದ.
ಚೆಂಡು ಹೋಗಿ, ಮೊಣಕೈ ತರಚಿ, ನಾನು ಕೆಂಪು ಮಣ್ಣಲ್ಲಿ ಬಿದ್ದಿರುವಾಗ
ಕೈ ಚಾಚಿ, "ಏಳು."
ನನ್ನ ನಂಬರು ಕರೆದನೋ, ಎದ್ದೇಳು ಅಂದನೋ,
ಇವತ್ತಿಗೂ ತಿಳಿದಿಲ್ಲ. ಹೆಸರಂತೂ ಕೇಳಲಿಲ್ಲ.

ವಿಶ್ವವಿದ್ಯಾಲಯದ ತಂಡಕ್ಕೆ ಎರಡು ಸಲ,
ರಾಜ್ಯದ ಶಿಬಿರಕ್ಕೆ ಒಂದು ಸಲ, ಆಮೇಲೆ ಕಾರ್ಖಾನೆಯ ತಂಡ,
ಲೇಥ್ ಮುಂದೆ ಖಾಯಂ ನೌಕರಿ. ಇಪ್ಪತ್ತಾರಕ್ಕೆ ಮಂಡಿ.
ಉಳಿದದ್ದೆಲ್ಲ ನಿಮ್ಮ ಹಾಳೆಯಲ್ಲಿದೆ.
ಮಂಡಿ ಇಲ್ಲ. ಸೇರಿಸಿಕೊಳ್ಳಿ.

ಒಂದು ಸಲ ದಾಟಿದ್ದೇನೆ ಅವನನ್ನು.
ಎಂಬತ್ಮೂರರ ಸೆಮಿಫೈನಲ್, ಅಶೋಕನಗರದ ಸ್ಟೇಡಿಯಮ್ಮು.
ಒಳಕ್ಕೆ ಅಂತ ತೋರಿಸಿ ಹೊರಕ್ಕೆ ಎಳೆದೆ,
ಬಾಗಿಲು ತೆರೆದಂತಾಯಿತು. ಗೋಲು.
ಆ ಕಥೆ ಹೆಣ್ಣು ನೋಡಲು ಹೋದಾಗ ಹೇಳಿದೆ, ಮಕ್ಕಳಿಗೆ ಹೇಳಿದೆ,
ಬ್ಯಾಂಕಿನ ಕ್ಯಾಂಟೀನಿನಲ್ಲಿ ವರ್ಷಕ್ಕೊಮ್ಮೆಯಾದರೂ.
ಹೋದ ತಿಂಗಳು ಅವನಿಗೇ ಹೇಳಿದೆ,
ಅದೇ ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ, ಕಡಲೆಕಾಯಿ ಸುಲಿಯುತ್ತ.

"ನಿನ್ನ ಎಡಗಾಲಿನ ಲೇಸು ಬಿಚ್ಚಿತ್ತು," ಅಂದ.
"ಕಾಲು ಹಾಕಿದ್ರೆ ಅದರ ಮೇಲೇ ತುಳೀತಿದ್ದೆ,
ಪಾದ ಅಲ್ಲೇ ತಿರುಚ್ಕೊಳ್ತಿತ್ತು ನಿಂದು.
ಅರ್ಧ ಹೆಜ್ಜೆ ತಡೆದೆ."
ಅಂಗೈಯ ಸಿಪ್ಪೆ ಊದಿದ.
"ನಮ್ಮ ಕೋಚು ಒಂದು ವಾರ ಮಾತಾಡ್ಸಲಿಲ್ಲ."

ನಲವತ್ತು ವರ್ಷ ಕಾಪಾಡಿಕೊಂಡ ಒಂದೇ ಗೋಲು,
ಕೂತಲ್ಲೇ ಕಿತ್ತುಕೊಂಡ. ಫೌಲೂ ಅಲ್ಲ.
ಅದನ್ನೂ ಅವನ ಲೆಕ್ಕಕ್ಕೆ ಬರೆದುಕೊಳ್ಳಿ.

"ಏಳು," ಅಂದ ಕೈ ಚಾಚಿ. ಎದ್ದೆ.
ಹೊರಗೆ ಸಂಜೆ ಆರರ ರಸ್ತೆ.
ಗಾಡಿ ಬರುವ ಕಡೆಗೆ ತಾನು, ಒಳಗಡೆಗೆ ನಾನು,
ಮಂಡಿ ಎಳೆಯುತ್ತ ಅಡ್ಡಡ್ಡ ಹೆಜ್ಜೆ ಇಟ್ಟ.
ಎಡಕ್ಕೆ ಕೈ ತೋರಿಸಿ ಬಲಕ್ಕೆ ನುಗ್ಗುವ ಆಟೋ ಒಂದು ಬಂತು.
ಡ್ರೈವರನ ಕೈಯನ್ನೂ ನೋಡಲಿಲ್ಲ ಅವನು, ದೀಪವನ್ನೂ ನೋಡಲಿಲ್ಲ.
ಆಟೋದ ಸೊಂಟ ನೋಡುತ್ತ ನಿಂತ.
ಆಟೋ ನಿಂತಿತು.