ತೂಕದ ಚೀಟಿ

ನಾಲ್ಕಾಣೆ ಪಾಲು ನನ್ನದು.
ರೆಕ್ಕೆಯೋ, ಬಾಲವೋ, ಬಲಗಡೆಯ ಚಕ್ರವೋ
ಪತ್ರದಲ್ಲಿ ಬರೆದಿಲ್ಲ.
ಎರಡು ವಾಷಿಂಗ್ ಮಷಿನ್ ಮಾರಿ ಕೊಟ್ಟ ದುಡ್ಡು,
ಮನೆಯವಲ್ಲ, ಒಮ್ಮೆಗೆ ಇನ್ನೂರು ಜೀನ್ಸು ತಿರುವುವಂಥವು.
ಉಳಿದ ಪಾಲು ಎಲುಬಿನ ಡಾಕ್ಟರು ವಿರೂಪನಗೌಡರದು,
ಗ್ರಾನೈಟಿನ ಜಿಲಾನಿ ಸಾಹೇಬರದು.
ನಾಲ್ಕನೆಯವರು ಹೊಸಪೇಟೆಯವರು, ಹಾರುವುದೇ ಇಲ್ಲ;
ಆಯುಧಪೂಜೆಗೆ ಬಂದು ಚಕ್ರಕ್ಕೆ ನಿಂಬೆಹಣ್ಣಿಟ್ಟು
ಫ್ಯಾನಿಗೆ ಹಾರ ಹಾಕಿ ಹೋಗುತ್ತಾರೆ.
ಬಿಡಿಸುವುದು ನನ್ನ ಪಾಲಿಗೆ.

ಪೀಪಾಯಿ ಪೀಪಾಯಿ ಎಣ್ಣೆ, ಇನ್ಶೂರೆನ್ಸು, ಶೆಡ್ಡಿನ ಬಾಡಿಗೆ,
ವರ್ಷದ ತಪಾಸಣೆಗೆ ಹೈದರಾಬಾದಿನಿಂದ
ರಾತ್ರಿ ರೈಲಿಗೆ ಬಂದಿಳಿಯುವ ಇಂಜಿನಿಯರು
ಎಲ್ಲ ಬಿಚ್ಚಿ ಚಾಪೆಯ ಮೇಲೆ ಹರವಿ
ಒಂದು ಬೋಲ್ಟು ಎತ್ತಿ ಹಿಡಿದು
ಅದರ ರೇಟು ಹೇಳಿ ನನ್ನ ಮುಖ ನೋಡುತ್ತಾರೆ.
"ನಿಂತ್ರೂ ತಿಂತೈತಿ, ಹಾರಿದ್ರೂ ತಿಂತೈತಿ,
ಎಮ್ಮಿ ಆಗಿದ್ರ ಹಾಲಾದ್ರೂ ಕೊಡ್ತಿತ್ತು" ಎಂದಳು ಹೆಂಡತಿ.

ನಸುಕಿನ ಐದೂವರೆಗೆ ರೆಕ್ಕೆಯಡಿ ಕುಕ್ಕರಗಾಲಲ್ಲಿ ಕೂತು
ಗಾಜಿನ ಲೋಟಕ್ಕೆ ಒಂದಿಷ್ಟು ಇಂಧನ ಇಳಿಸುತ್ತೇನೆ.
ನೀಲಿ. ನಮ್ಮ ಯುನಿಟ್ಟಿನ ಚರಂಡಿಯದೇ ಬಣ್ಣ,
ಆದರೆ ತಿಳಿ.
ತಳದಲ್ಲಿ ಮಣಿಯಂತೆ ನೀರು ಕೂತಿದೆಯೋ ಎಂದು
ಬೆಳಕಿಗೆ ಹಿಡಿಯುತ್ತೇನೆ. ಒಂದೇ ಮಣಿ ಸಾಕು;
ಮೇಲೆ ಎಂಜಿನ್ ಕೆಮ್ಮಿದರೆ
ಬದಿಗೆ ಹಚ್ಚಿ ನಿಲ್ಲಿಸಲು ಅಲ್ಲಿ ಹುಣಸೆಮರವಿಲ್ಲ.

ವೇಗ ಅಳೆಯುವ ಕೊಳವೆಗೆ ಕಣಜ ಮಣ್ಣು ಮೆತ್ತುತ್ತದೆ.
ಅದಕ್ಕೆಂದು ಶಬ್ಬೀರನ ಹತ್ತಿರ ಒಂದು ಚೀಲ ಹೊಲಿಸಿದೆ,
ಗೇಣುದ್ದ, ದಪ್ಪ ಡೆನಿಮ್ಮು, ಡಬಲ್ ಹೊಲಿಗೆ.
"ಒಂದ ಕಾಲಿನ ಪ್ಯಾಂಟು, ಯಾರಿಗ್ರಿ?" ಎಂದ.

ಮೇ ತಿಂಗಳಲ್ಲಿ ಸಿರುಗುಪ್ಪದ ದೊಡ್ಡತ್ತೆ ಬಂದಳು, ಗಾದಿಲಿಂಗಮ್ಮ.
"ನನ್ನೂ ಕೂಡಿಸ್ಕೊಂಡು ಒಂದ್ ಸುತ್ತು ಹಾಕಪಾ."
"ತೂಕ ಎಷ್ಟು ಅತ್ತೀ?"
ಕೇಳಬಾರದಿತ್ತು. ವಯಸ್ಸಾದರೆ ಹೇಳುತ್ತಿದ್ದಳು.
"ತೂಕ ಕೇಳೋರು ಇಬ್ಬರ: ಡಾಕ್ಟರು, ಕುರಿ ದಲ್ಲಾಳಿ.
ನೀ ಯಾರು?"

ಹೇಗೆ ಹೇಳಲಿ, ಬಿಸಿಲೇರಿದರೆ ಇಲ್ಲಿಯ ಗಾಳಿ
ಹತ್ತು ಸಲ ಕಲ್ಲಿಗೆ ಬಡಿದ ಬಟ್ಟೆಯ ಹಾಗೆ ಸವೆಯುತ್ತದೆಂದು;
ನಲವತ್ತೆರಡು ಡಿಗ್ರಿಗೆ ಬಳ್ಳಾರಿ ಕೂತಲ್ಲೇ
ಐದು ಸಾವಿರ ಅಡಿಯ ಬೆಟ್ಟವಾಗುತ್ತದೆ, ಎಂಜಿನ್ನಿನ ಲೆಕ್ಕಕ್ಕೆ;
ಗಣಿಯವರು ಹಾಕಿಸಿದ ಡಾಂಬರು ಪಟ್ಟಿ ಮುಗಿದು
ಕಾಲುವೆಯ ಏರಿ ಎದುರಾದರೂ
ಚಕ್ರಕ್ಕೆ ನೆಲ ಬಿಡಲು ಮನಸ್ಸಾಗುವುದಿಲ್ಲ.

ಕೊನೆಗೆ ಬೇಲು ತೂಗುವ ತಕ್ಕಡಿ.
ದೊಡ್ಡತ್ತೆ ಚಪ್ಪಲಿ ಬಿಟ್ಟಳು,
ಸೊಂಟದ ಚಂಚಿ ತೆಗೆದು ಹೆಂಡತಿಯ ಕೈಗಿತ್ತಳು,
ಉಸಿರು ಬಿಗಿಹಿಡಿದು ನಿಂತಳು.
ಐವತ್ತೊಂದು.
ಹೆಂಡತಿ ಅರವತ್ತನಾಲ್ಕು; ಯಾರನ್ನೂ ನೋಡದೆ ಇಳಿದಳು.
ಒಗ್ಗರಣೆ ಮಿರ್ಚಿಯ ಡಬ್ಬಿ ಎರಡೂಕಾಲು.

"ಈಗ ನೀ ಹತ್ತು."
ನನ್ನದು ಗೊತ್ತಿರುವುದೇ, ಎಪ್ಪತ್ತೆರಡು.
ಲೈಸೆನ್ಸು ಬಂದ ವರ್ಷದಿಂದ
ಪ್ರತಿ ಚೀಟಿಯಲ್ಲೂ ಅದನ್ನೇ ಬರೆದಿದ್ದೇನೆ,
ಅಪ್ಪನ ಹೆಸರು ಬರೆದಷ್ಟು ಖಾತ್ರಿಯಿಂದ.

ತಕ್ಕಡಿ ಎಂಬತ್ಮೂರು ಎಂದಿತು.

ಹನ್ನೊಂದು ಕೇಜಿ.
ಎಣ್ಣೆಯಾದರೆ ಹದಿನೈದು ಲೀಟರು.
ಹೊತ್ತಾದರೆ ಇಪ್ಪತ್ತೈದು ನಿಮಿಷ:
ಧೂಳು ಎದ್ದು ನೆಲ ಕಾಣದಿದ್ದರೆ,
ಎರ್ರಿಸ್ವಾಮಿಯ ಲೂನಾ ಕೆಟ್ಟು
ಪಟ್ಟಿಯ ಮೇಲಿನ ಎಮ್ಮೆ ಏಳದಿದ್ದರೆ
ಮೇಲೇ ಸುತ್ತು ಹೊಡೆಯಲು ಕೂಡಿಡುವ ಇಪ್ಪತ್ತೈದು ನಿಮಿಷ.
ಅದನ್ನು ಬೆಲ್ಟಿನ ಹಿಂದೆ ತುಂಬಿಕೊಂಡು
ಇಷ್ಟು ವರ್ಷ ಹಾರಿದ್ದೆ.
ವಿಮಾನಕ್ಕೆ ಓದು ಬರುವುದಿಲ್ಲ. ಅದಕ್ಕೆ ಮೊದಲೇ ಗೊತ್ತಿತ್ತು.

ಚೀಟಿ ಹರಿದೆ. ಹೊಸದರಲ್ಲಿ
ಎಂಟನ್ನೂ ಮೂರನ್ನೂ ದೊಡ್ಡದಾಗಿ ಬರೆದೆ.

ಮರುದಿನ ನಸುಕು, ಗಾಳಿ ಇನ್ನೂ ದಪ್ಪ.
ಕೋಟೆಗುಡ್ಡ ಎಡಕ್ಕೆ ತಿರುಗಿತು, ಹಾಸಿಗೆ ಬಿಟ್ಟೇಳುವವರಂತೆ.
ದೂರದಲ್ಲಿ ಕುಡತಿನಿಯ ಚಿಮಣಿಗಳು.
ಹಿಂದಿನ ಸೀಟಿನಲ್ಲಿ ಹೆಂಡತಿ ಕಣ್ಣು ಮುಚ್ಚಿದ್ದಳು.
ದೊಡ್ಡತ್ತೆ ಕೆಳಗೆ ನೋಡಲೇ ಇಲ್ಲ,
ಇಂಧನದ ಮುಳ್ಳನ್ನೇ ನೋಡುತ್ತ ಕೂತಳು.
ಆಮೇಲೆ ಡಬ್ಬಿ ತೆರೆದಳು.
ಹೆಂಡತಿಗೆ ಮೂರು ಮಿರ್ಚಿ, ತನಗೆ ಮೂರು.
ನನಗೆ ಒಂದೇ.